ಒಂದು ಹಿಡಿಕೆಗೆ ಮೂರು ಹೆಸರು

ನಾಟಕದ ಗೆಳೆಯರೇ, ಇವತ್ತು ನಮ್ಮ ಆದೋನಿಯ ಹತ್ತಿ ಗಿರಣಿಯಲ್ಲಿ ಈರಣ್ಣನ ಬಲಗೈ ಹೋಗುವುದರಲ್ಲಿತ್ತು! ಅವನ ಅಂಗಿಯ ತೋಳು ಯಂತ್ರದ ಪಟ್ಟಿಗೆ ಸಿಕ್ಕಿತು. ನಿಲ್ಲಿಸಲು ಓಡಿದ ಹೊಸ ಆಳು ಮಾರೆಪ್ಪ, ಗೋಡೆಯ ಮೇಲಿನ ಸೂಚನೆ ಓದಿ ಕಂಗಾಲಾದ.

“ಮೇಸ್ತ್ರಿ, ಹಿಡಿಕಿ ಕಾಣಸ್ತೈತಿ, ಸನ್ನೆಗೋಲು ಎಲ್ಲೈತ್ರೀ?”

ನಾನೇ ಹಾರಿ ಹಿಡಿಕೆ ಎಳೆದೆ. ಅಂಗಿ ಹರಿಯಿತು, ಕೈ ಉಳಿಯಿತು.

ಆ ಸೂಚನೆಯಲ್ಲಿ ಯಂತ್ರ ಶುರುಮಾಡುವಾಗ ‘ಹಿಡಿಕೆ’, ಎಣ್ಣೆ ಹಾಕುವಾಗ ‘ದಂಡ’, ನಿಲ್ಲಿಸುವಾಗ ‘ಸನ್ನೆಗೋಲು’. ಮೂರೂ ಒಂದೇ ಕಬ್ಬಿಣ! ಅದನ್ನು ಬರೆದ ಗುಮಾಸ್ತರನ್ನು ಕರೆಸಿ ಗುಡುಗಿದೆ.

“ಒಂದಕ್ಕ ಮೂರು ಹೆಸರು ಯಾಕ್ರೀ?”

“ಅದದೇ ಮಾತು ಬಂದ್ರ ಬರವಣಿಗಿ ಸಪ್ಪಗಾಗ್ತೈತಿ. ನಿಮ್ಮ ನಾಟಕದಾಗ ರಾಜನ್ನ ದೊರಿ, ಪ್ರಭು, ಭೂಪತಿ ಅಂತ ಕರಿಯೂದಿಲ್ಲೇನು?”

“ಕರಿತೀವ್ರೀ! ಅಲ್ಲಿ ಕಿರೀಟ ಇಟ್ಕೊಂಡಾವ ಒಬ್ಬನ ಇರ್ತಾನ. ಇಲ್ಲಿ ಯಂತ್ರಕ್ಕ ಆರು ಕಬ್ಬಿಣದ ಸರಳು ಅದಾವ, ಯಾವುದನ್ನ ಎಳೀಬೇಕು! ಈರಣ್ಣನ ಕೈ ಹೋಗಿದ್ರ ಅದಕ್ಕೂ ಮೂರು ಹೆಸರು ಇಡ್ತಿದ್ರೇನು?”

ಸಂಜೆ ಹೊಸ ಹಾಳೆ ಅಂಟಿಸಿದರು. ಮೂರೂ ಕಡೆ ‘ಹಿಡಿಕೆ’ ಎಂದೇ ಇದೆ. ಕೆಳಗೆ ತಮ್ಮ ಸಹಿಯನ್ನು ಮಾತ್ರ ಹಾಕಿಲ್ಲ. ಇಷ್ಟು ನೀರಸ ಬರವಣಿಗೆ ತಮ್ಮದೆಂದು ಊರಿಗೆ ತಿಳಿಯಬಾರದಂತೆ!