ವಸ್ತಾದರು ನನ್ನ ಬಾಯಿ ಮೂಸಿದ ಸೋಮವಾರ

ಹೋದ ಸೋಮವಾರ ಬೆಳಗಾವಿಯ ಒಂದು ಕುಸ್ತಿ ತಾಲೀಮಿನಲ್ಲಿ, ಲಂಗೋಟಿ ಕಟ್ಟಿದ ಇಪ್ಪತ್ತು ಹುಡುಗರ ಎದುರಿಗೆ, ನಾನು ‘ಆ’ ಎಂದು ಬಾಯಿ ತೆರೆದು ನಿಂತಿದ್ದೆ. ಕುಸ್ತಿ ಕಲಿಸುವ ವಸ್ತಾದರು ಬಗ್ಗಿ ನನ್ನ ಬಾಯಿ ಮೂಸಿದರು. ಅರವತ್ತೆರಡು ವರ್ಷದ ಬಾಯಿ. ಒಳಗೆ ಉಳಿದಿರುವ ಹಲ್ಲು ಒಂಬತ್ತು.

ಯಾಕೆ ಈ ಫಜೀತಿ? ಎಲ್ಲ ಹೇಳುತ್ತೇನೆ. ಹೇಳದಿದ್ದರೆ ಈ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ನಾನು ಖಾನಾಪುರದ ಕುಂಬಾರ ಎಂಬುದು ನಿಮಗೆ ಗೊತ್ತೇ ಇದೆ. ಕನ್ನಡ ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವನು. (ತಪ್ಪು ಬರೆದರೆ ಸಂಪಾದಕರು ತಿದ್ದುತ್ತಾರೆ. ಅವರಿಗೂ ಕೆಲಸ ಬೇಕಲ್ಲ?) ಗಡಿಗೆಗಳ ಜತೆಗೆ ಸಂತೆಗೆ ತಂಬಾಕು ಸೇದುವ ಚಿಲುಮೆಗಳನ್ನೂ ಮಾಡುತ್ತೇನೆ. ಸುಟ್ಟು ತೆಗೆದ ಮೇಲೆ ಒಂದೊಂದು ಚಿಲುಮೆಯನ್ನೂ ಬಾಯಿಗಿಟ್ಟು ಜಗ್ಗಿ ನೋಡಬೇಕು. ಗಾಳಿ ಬಂದರೆ ಪಾಸು, ಬರದಿದ್ದರೆ ನಪಾಸು. ಮೊಮ್ಮಗ ಪರಶುರಾಮನಿಗೆ ಈ ಕೆಲಸವನ್ನು ಆರನೆಯ ವಯಸ್ಸಿಗೇ ಕೊಟ್ಟಿದ್ದೆ. ತಂಬಾಕು ಇಲ್ಲ, ಬರೀ ಗಾಳಿ. (ತಂಬಾಕು ತುಂಬಿ ಮಾಡುವ ಮೇಲಿನ ಪರೀಕ್ಷೆ ನನ್ನದು. ದಿನಕ್ಕೆ ಏಳೆಂಟು ಸಲ.)

ಈಗ ಅವನಿಗೆ ಹದಿನೈದು. ಒಂದು ವರ್ಷದಿಂದ ಒಂದೇ ಜಪ: ‘ಅಜ್ಜಾ, ನನ್ನ ತಾಲೀಮಿಗೆ ಹಾಕು.’ ಊಟಕ್ಕೆ ಕೂತರೂ ಅದೇ, ಮಣ್ಣು ತುಳಿಯುವಾಗಲೂ ಅದೇ. ಕೊನೆಗೆ ರೈಲು ಹತ್ತಿಸಿ ಬೆಳಗಾವಿಗೆ ಕರೆದುಕೊಂಡು ಹೋದೆ.

ವಸ್ತಾದರು ಹುಡುಗನ ತೋಳು ನೋಡಿದರು, ಬೆನ್ನು ತಟ್ಟಿದರು, ಖುಷಿಯಾದರು. ಆಮೇಲೆ ‘ಬಾಯಿ ತಗಿ’ ಎಂದರು. ಮೂಸಿದರು. ಮುಖ ಕಿವುಚಿದರು.

‘ಬೀಡಿ ಸೇದತೀಯೇನಲೇ?’

ನನಗೆ ಸಿಟ್ಟು ನೆತ್ತಿಗೇರಿತು. ‘ಏನ್ ಮಾತಾಡ್ತೀರಿ ವಸ್ತಾದ್ರ? ನನ್ನ ಮೊಮ್ಮಗ ಬೀಡಿ ಮುಟ್ಟಾಂವ ಅಲ್ಲ. ದೇವರಾಣಿ! ಅದು ರೈಲಿನ ಹೊಗಿ ವಾಸನಿ ಇರಬೇಕು.’

‘ಅಜ್ಜಾ, ಆಣಿ ಮಾಡಬ್ಯಾಡ,’ ಎಂದ ಹುಡುಗ. ‘ಸೇದತೀನ್ರಿ, ವಸ್ತಾದ್ರ. ಎರಡ ತಿಂಗಳಾತು. ಸ್ಟೇಶನ್ ಹಿಂದ, ಗೆಳ್ಯಾರ ಜತಿ.’

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

‘ಯಾರ ಕಲಿಸಿದ್ರು?’ ವಸ್ತಾದರು ಕೇಳಿದರು.

‘ಬೀಡಿ ಗೆಳ್ಯಾರು ಕೊಟ್ರರಿ. ಜಗ್ಗೂದು ಮಾತ್ರ ಅಜ್ಜ ಕಲಿಸಿದ್ದು.’

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಸ್ತಾದರು ನಗಲಿಲ್ಲ. ‘ಖರೇ ಹೇಳಿದಿ. ಇವತ್ತಿನಿಂದ ಬಾ. ಆದ್ರ ಸೋಮವಾರಕ್ಕೊಮ್ಮಿ ಇಬ್ಬರ ಬಾಯೀನೂ ಮೂಸತೀನಿ. ಯಾರದ ನಾರಿದ್ರೂ ನೀ ಹೊರಗ.’

‘ನಂದ್ಯಾಕ್ರಿ?’ ಅಂದೆ. ‘ನಾ ಏನ್ ಕುಸ್ತಿ ಹಿಡ್ಯಾಂವೇನ?’

‘ಕಲಿಸಿದವರ ಬಾಯಿ ಮೊದಲ ನೋಡಬೇಕ್ರಿ, ಅಜ್ಜಾರ.’

ಹುಡುಗರು ಕೆಟ್ಟರು ಎಂದು ಕಟ್ಟೆಯ ಮೇಲೆ ಕೂತು ನಾವು ಮುದುಕರು ದಿನವೂ ಮಾತಾಡುತ್ತೇವೆ. ಮಾತಾಡುತ್ತಾ ಮಾತಾಡುತ್ತಾ ಚಿಲುಮೆ ಆರುತ್ತದೆ. ಆಗ ಒಲೆಯಿಂದ ಕೆಂಡ ತಂದುಕೊಡುವವರು ಯಾರು? ಅದೇ ಕೆಟ್ಟ ಹುಡುಗರು!

ಪರಶುರಾಮ ಬೆಳಗಾವಿಯಲ್ಲೇ ನನ್ನ ಮಗಳ ಮನೆಯಲ್ಲಿ ಉಳಿದ. ಎರಡು ತಿಂಗಳ ಚಟ, ನಾಲ್ಕು ದಿನ ತಲೆನೋವು ಅಂದ. ಐದನೆಯ ದಿನ ಎಂಟು ರೊಟ್ಟಿ ತಿಂದ. ಮುಗಿಯಿತು.

ನನ್ನದು ನಲವತ್ತೈದು ವರ್ಷದ್ದು. ಬೆಳಿಗ್ಗೆ ಎದ್ದರೆ ಕೈಗೆ ಏನು ಹಿಡಿಯಬೇಕು ತಿಳಿಯುವುದಿಲ್ಲ. ಧ್ಯಾನವೆಲ್ಲ ತಂಬಾಕಿನ ಮೇಲಿದ್ದು, ಒಂದು ದಿನ ಗಡಿಗೆಯ ಕುತ್ತಿಗೆ ಒತ್ತುತ್ತಾ ಒತ್ತುತ್ತಾ ಬಾಯಿಯನ್ನೇ ಮುಚ್ಚಿಬಿಟ್ಟೆ. ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಇದಕ್ಕ ನೀರ ಎಲ್ಲಿಂದ ಹಾಕೂದ್ರಿ?’

ಎರಡು ಸೋಮವಾರ ಪಾಸಾದೆ. ಮೂರನೆಯ ಸೋಮವಾರದ ಮುಂಚೆ ನಂದಗಡದ ಸಂತೆ ಬಂತು. ಗಿರಾಕಿಯೊಬ್ಬ, ‘ಕುಂಬಾರಣ್ಣ, ನೀನ ಒಂದ ಸಲ ಸೇದಿ ತೋರ್ಸು, ಆಮ್ಯಾಲೆ ತಗೋತೀನಿ’ ಎಂದ. ವ್ಯಾಪಾರ ಅಲ್ಲವೇ? ಒಂದು ಜಗ್ಗು ಜಗ್ಗಿದೆ. (ಆಯಿತು, ಮೂರು.)

ಸೋಮವಾರ ರೈಲಿನಲ್ಲಿ ಐದು ಏಲಕ್ಕಿ ಅಗಿದೆ. ಹಾಗೆ ಬಂದು ಬಾಯಿ ತೆರೆದು ನಿಂತದ್ದು.

ವಸ್ತಾದರು ಮೂಸಿದರು. ‘ಅಜ್ಜಾರ, ಏಲಕ್ಕಿ ಯಾಕ?’

‘ಹಲ್ಲ ನೋವರಿ’ ಎಂಬುದು ನಾಲಗೆಯ ತುದಿಯಲ್ಲಿತ್ತು. ಅಂದಿದ್ದರೆ ಹುಡುಗ ಉಳಿಯುತ್ತಿದ್ದ. ಆದರೆ ಅವನು ನನ್ನನ್ನೇ ನೋಡುತ್ತಿದ್ದ. ಇದೇ ಜಾಗದಲ್ಲಿ ನಿಂತು ಖರೇ ಹೇಳಿದ ಹುಡುಗ. ಅವನ ಎದುರಿಗೆ ನಾನು ಸುಳ್ಳು ಹೇಳಲೇ?

‘ಸೇದೀನ್ರಿ. ಮೂರ ಜಗ್ಗು. ತಪ್ಪ ನಂದು. ಹುಡುಗನ್ನ ಹೊರಗ ಹಾಕಬ್ಯಾಡ್ರಿ.’

ಪರಶುರಾಮನ ಮುಖ ಬಿಳಿಚಿತು. ವಸ್ತಾದರು ಮೀಸೆ ತೀಡಿದರು.

‘ಮೊಮ್ಮಗನ ಕಡಿಂದ ಖರೇ ಹೇಳೂದಾದ್ರೂ ಕಲತೀರಲ್ಲ. ಹುಡುಗ ಇರಲಿ. ನೀವು ನೂರ ಬೈಠಕ್ ಹೊಡೀರಿ.’

ಧೋತರ ಎತ್ತಿ ಕಟ್ಟಿದೆ. ನಾಲ್ಕು ಹೊಡೆದೆ. ಐದನೆಯದಕ್ಕೆ ಕೂತವನು ಏಳಲಿಲ್ಲ. ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು.

ಆಗ ಪರಶುರಾಮ ಮುಂದೆ ಬಂದ. ‘ಉಳಿದದ್ದು ನಾ ಹೊಡೀತೀನ್ರಿ. ಅಜ್ಜ ಎಣಸ್ಲಿ.’

ಹೊಡೆದ. ನಾನು ಎಣಿಸಿದೆ. ಅರವತ್ತರ ಹತ್ತಿರ ನಾನು ಲೆಕ್ಕ ತಪ್ಪಿದೆ, ಮುಂದಿನದನ್ನು ಹುಡುಗರೇ ಕೂಗಿ ಕೂಗಿ ಎಣಿಸಿದರು. ಮುಗಿದಾಗ ಅವನು ಬೆವರಿನಲ್ಲಿ ತೊಯ್ದಿದ್ದ. ಆದರೂ ನಕ್ಕ. ಎಂಥ ಮೊಮ್ಮಗ ರೀ ನನ್ನವ! ರೈಲಿನಲ್ಲಿ ಎದುರಿಗೆ ಕೂತ ಗುರುತಿಲ್ಲದವರಿಗೂ ಹೇಳಿದೆ, ಖಾನಾಪುರದಲ್ಲಿ ಇಳಿದಾಗ ಟಿಕೀಟು ಕೇಳಿದವನಿಗೂ ಹೇಳಿದೆ.

ಮೂರು ಜಗ್ಗಿಗೆ ಮೊಮ್ಮಗನಿಂದ ತೊಂಬತ್ತಾರು ಬೈಠಕ್. ಇನ್ನು ನಾಲ್ಕನೆಯದನ್ನು ಯಾವ ಅಜ್ಜ ಜಗ್ಗಿಯಾನು?