ಗೇಟಿನಲ್ಲಿ ‘ಕಾಯಬೇಡಿ’ ಎಂದವಳು

ಅಕ್ಕಾ, ಫ್ರಾಂಕ್‌ಫರ್ಟಿನಲ್ಲಿ ವಿಮಾನ ನಿನ್ನನ್ನು ಬಿಟ್ಟು ಹೋಗಲಿಲ್ಲ. ಬಿಟ್ಟು ಹೋದವಳು ನಾನು. ನಿನ್ನ ಪೂಜೆಯಿಂದ ವಿಮಾನ ತಪ್ಪಿತೆಂದು ಆರು ವರ್ಷದಿಂದ ಮನೆಯವರೆಲ್ಲ ನಗುತ್ತಾರೆ, ನೀನೂ ಅವರ ಜೊತೆ ನಗುತ್ತೀಯ — ನಾನು ಮಾತ್ರ ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ.

ಅವತ್ತು ಸಿಟ್ಟು ನೆತ್ತಿಗೇರಿತ್ತು. ಮುಚ್ಚಿಡುವುದೇನಿದೆ, ಈಗ ನೆನೆದರೂ ಏರುತ್ತದೆ. ಪ್ರಾಗಿನಲ್ಲಿ ನಿನ್ನ ಮಗಳ ಮಗುವಿಗೆ ಅದೇ ಮಧ್ಯಾಹ್ನ ಹೆಸರಿಡುವ ಶಾಸ್ತ್ರ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಲು ನಮಗಿದ್ದದ್ದು ಎರಡೇ ಗಂಟೆ. ಪಾಸ್‌ಪೋರ್ಟಿನ ಸಾಲು, ತಪಾಸಣೆಯ ಸಾಲು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ರೈಲು ಬೇರೆ — ಅದೇನು ನಿಲ್ದಾಣವೋ, ಶೇಷಾದ್ರಿಪುರಂನಿಂದ ಚಾಮರಾಜಪೇಟೆಗೆ ನಡೆದಷ್ಟು ನಡೆದರೂ ಗೇಟು ಬರಲೊಲ್ಲದು. ತಪಾಸಣೆಯವನು ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ತೆಗೆಯಿರಿ ಎಂದರೆ, ಲಿಂಗ ಮೈಮೇಲಿಂದ ತೆಗೆಯುವುದಿಲ್ಲ ಎಂದು ನೀನು ಕನ್ನಡದಲ್ಲೇ ಹಟ ಹಿಡಿದೆ. ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಾನೋ, ನನ್ನ ಲಿಂಗವನ್ನು ಮಲ್ಲೇಶ್ವರದ ಮನೆಯ ದೇವರ ಗೂಡಿನಲ್ಲೇ ಬಿಟ್ಟು ಬಂದಿದ್ದೆ.

ಕೊನೆಗೂ ಗೇಟು ಕಂಡಿತು ಎನ್ನುವಾಗ ನೀನು ನಿಂತೇಬಿಟ್ಟೆ. ಬೆಳಗಿನ ಪೂಜೆಯಾಗಿಲ್ಲ, ಅದಾಗದೆ ನೀರನ್ನೂ ಕುಡಿಯುವುದಿಲ್ಲ, ತಲೆ ತಿರುಗುತ್ತಿದೆ ಎಂದೆ.

“ನೀನು ಹೋಗ್ತಿರು ಕಣೇ. ಮುಖ ತೊಳ್ಕೊಂಡು ಹತ್ತು ನಿಮಿಷದಲ್ಲಿ ಬಂದ್ಬಿಡ್ತೀನಿ.”

ಚಾಕೊಲೇಟ್ ಅಂಗಡಿಯ ಪಕ್ಕದ ಕುರ್ಚಿಯಲ್ಲಿ ಕೂತು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ನೀನು ಕಣ್ಣು ಮುಚ್ಚಿದೆ. ಹತ್ತು ಇಪ್ಪತ್ತಾಯಿತು. ಗೇಟಿನಲ್ಲಿ ಎಲ್ಲರೂ ಹತ್ತಿಯಾಗಿತ್ತು. ಅಲ್ಲಿದ್ದ ಹುಡುಗಿ ನಿನ್ನ ಹೆಸರು ತೋರಿಸಿ, ಇವರು ಹತ್ತಿರದಲ್ಲಿದ್ದರೆ ಐದು ನಿಮಿಷ ಕಾಯಬಹುದು ಎಂದಳು. ನಿನ್ನ ಕುರ್ಚಿಗೆ ನೂರು ಹೆಜ್ಜೆಯೂ ಇರಲಿಲ್ಲ — ಓಡಿ ಬಂದು ಭುಜ ತಟ್ಟಿದ್ದರೆ... ಒಂದು ಸಲ ಬುದ್ಧಿ ಬರಲಿ ಇವಳಿಗೆ, ಅಂದುಕೊಂಡೆ.

“ಅವರೆಲ್ಲಿದ್ದಾರೋ ಗೊತ್ತಿಲ್ಲ,” ಎಂದೆ. “ಕಾಯಬೇಡಿ.”

ಒಂದು ಗಂಟೆಯ ಹಾರಾಟ, ಅಷ್ಟೇ. ನೀನು ಸಂಜೆಯ ವಿಮಾನಕ್ಕೆ ಬಂದು ಮುಟ್ಟುವ ಹೊತ್ತಿಗೆ ಅಜ್ಜಿ ಕೂರಬೇಕಾದ ಜಾಗದಲ್ಲಿ ನಾನು ಕೂತು, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಕಿವಿಯಲ್ಲಿ ಹೆಸರು ಹೇಳಿಯಾಗಿತ್ತು. ಆಗ ನಿನ್ನ ನೆನಪಾಗಲಿಲ್ಲ — ಖುಷಿಯಾಗಿತ್ತು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಎಷ್ಟು ಬೇಡಿಕೊಂಡರೂ ಅವರು ಕಾಯಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆ. ನೀನು ನನ್ನ ಕೈ ಹಿಡಿದುಕೊಂಡು, ‘ನನ್ನಿಂದ ನಿನಗೂ ಎಷ್ಟು ಕಷ್ಟವಾಯಿತು’ ಎಂದು ಕ್ಷಮೆ ಕೇಳಿದೆ.

ಹೋದ ವಾರ ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತಾ ನೀನು ಹೇಳಿದೆ, ಮಗಳು ಎರಡನೆಯ ಬಾಣಂತನಕ್ಕೆ ಕರೆಯುತ್ತಿದ್ದಾಳೆ ಎಂದು.

“ನಾನು ಹೋಗಲ್ಲ ಕಣೇ. ನೀನೇ ಹೋಗ್ಬಾ. ನಾನು ಹೊರಟ್ರೆ ಎಲ್ರಿಗೂ ತೊಂದ್ರೆ.”

ಅಲ್ಲಿಯೂ ನಾನು ತಲೆಯಾಡಿಸಿ ಹೂವಿನ ಬೆಲೆ ಚೌಕಾಸಿ ಮಾಡಿದೆ. ನಾಚಿಕೆಗೆಟ್ಟವಳು.

ಭಾನುವಾರ ಎಲ್ಲರೂ ನಿನ್ನ ಮನೆಗೆ ಊಟಕ್ಕೆ ಬರುತ್ತಾರೆ, ಯಾರಾದರೂ ಆ ಮಾತು ತೆಗೆದೇ ತೆಗೆಯುತ್ತಾರೆ. ಅವರು ನಗುವ ಮೊದಲೇ ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ, ನಿನ್ನ ಮಗಳಿಗೂ ಫೋನಿನಲ್ಲಿ ಕೇಳಿಸುವಂತೆ. ಆಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೂ ಬಿಡು. ಪ್ರಾಗಿಗೆ ಮಾತ್ರ ಹೋಗು ಅಕ್ಕಾ.