ನಾಲೆಗೆ ಬಿದ್ದವರು ಯಾರು?

ಪತ್ರಿಕೆಯ ಫೋಟೊಗ್ರಾಫರನಾಗಿ ನಾಲ್ಕು ತಾಲ್ಲೂಕು ಸುತ್ತುತ್ತಲೇ ನನ್ನ ಆಯಸ್ಸಿನ ಬಹುಪಾಲು ಕಳೆದಿದೆ. ಆದರೆ ಜನ ನೆನಪಿಟ್ಟುಕೊಂಡಿರುವುದು ಒಂದೇ ಚಿತ್ರವನ್ನು. ಅದರಲ್ಲಿ ನಡೆದದ್ದೇನು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಅವತ್ತು ಕೆ.ಆರ್. ಪೇಟೆಯಲ್ಲಿ ಸಭೆಯೊಂದನ್ನು ಮುಗಿಸಿಕೊಂಡು ಶ್ರೀರಂಗಪಟ್ಟಣದ ಮನೆಗೆ ವಾಪಸಾಗುತ್ತಿದ್ದೆ. ಕ್ಯಾತನಹಳ್ಳಿ ಹತ್ತಿರ ನಾಲೆ ಏರಿಯ ಮೇಲೆ ಜನ ಓಡುತ್ತಿದ್ದರು. ಬೈಕ್ ನಿಲ್ಲಿಸಿ ನೋಡಿದರೆ, ಮೈಯೆಲ್ಲ ತೊಯ್ದ ಯುವಕನೊಬ್ಬ, ಸೀರೆಯಿಂದ ನೀರಿಳಿಯುತ್ತಿದ್ದ ಅಜ್ಜಿಯೊಬ್ಬರನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಫೋಟೊ ತೆಗೆದೆ. ಅಜ್ಜಿಯನ್ನು ಆಟೊದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಯುವಕ ಕೆಮ್ಮುತ್ತಾ ಕೂತ.

"ಅಜ್ಜಿ ಬಿದ್ಬುಟ್ಟಿತ್ತು ಸಾ, ಇವ್ನೇ ಎತ್ಕಂಡ್ ಬಂದ" ಎಂದರು ಸೇರಿದವರು. ಅವನು ಇಲ್ಲವೆನ್ನಲಿಲ್ಲ. ಮರುದಿನ ಚಿತ್ರ ಮುಖಪುಟದಲ್ಲಿ ಬಂತು. ಊರಿನವರು ಅವನಿಗೆ ಶಾಲು ಹೊದಿಸಿದರು.

ಕೆಲವು ವಾರ ಬಿಟ್ಟು ಅಜ್ಜಿಯ ಮನೆಗೆ ಹೋಗಿ ಚಿತ್ರದ ಪ್ರತಿ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದ ಅವರಿಗೆ ನಗು ಬಂತು.

"ನಾನೆಲ್ಲಪ್ಪ ಬಿದ್ದೆ? ಬಿದ್ದೋನು ಆ ಹೈದ ಕಣಪ್ಪ. ಕಾಲ್ ತೊಳಿಯೋಕೋಗಿ ಜಾರ್ಬುಟ್ಟ. ನಾನು ನೀರಿಗಿಳ್ದು, ಒಗೀತಿದ್ದ ಸೀರೆ ಎಸ್ದೆ. ಇಡ್ಕಂಡ. ಎಳೆಯೋವಾಗ ನನ್ ಕಾಲು ಉಳುಕ್ಬುಡ್ತು. ಅದ್ಕೇ ಎತ್ಕಂಡ್ ಬಂದ."

ಸೀದಾ ಹೋಗಿ ಹಾಲಿನ ಡೈರಿಯ ಮುಂದೆ ಆ ಯುವಕನನ್ನು ಹಿಡಿದು, ಅಜ್ಜಿ ಹೇಳಿದ್ದನ್ನು ಹೇಳಿದೆ. ಅವನು ಕ್ಯಾನು ಕೆಳಗಿಟ್ಟ.

"ಗೊತ್ತಿಲ್ಲ ಸಾ. ಮೂಗ್ಗೆಲ್ಲಾ ನೀರೋಗಿತ್ತು. ಕಣ್ಬುಟ್ಟಾಗ ಅಜ್ಜಿ ಪಕ್ಕದಲ್ಲಿದ್ರು. ನೀನೇ ಉಳಿಸ್ದೆ ಅಂತ ಎಲ್ರೂ ಅಂದ್ರು. ನಾನೂ ಅಂಗೇ ಅನ್ಕಂಡೆ."

ಅವನ ಮುಖದಲ್ಲಿ ಕಪಟ ಕಾಣಲಿಲ್ಲ. ಮನೆಗೆ ಬಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅವನ ಮುಂಗೈಗೆ ಒದ್ದೆ ಸೀರೆಯೊಂದು ಸುತ್ತಿಕೊಂಡಿತ್ತು. ಅಜ್ಜಿಯ ಮಾತು ನಿಜವೆನಿಸಿತು. ಅಜ್ಜಿಯನ್ನು ಎತ್ತುವಾಗ ಸಿಕ್ಕಿಕೊಂಡಿರಲೂಬಹುದು ಎಂದೂ ಅನಿಸಿತು.

ತಿದ್ದುಪಡಿ ಹಾಕಿಸುತ್ತೇನೆಂದು ಮತ್ತೆ ಅಜ್ಜಿಯ ಬಳಿ ಹೋದೆ. ಅವರು ಗಾಬರಿಯಾದರು.

"ಬ್ಯಾಡ ಕಣಪ್ಪ! ಬೇಸಾಯಗಾರ ಅಂತ ಆ ಹೈದಂಗೆ ಯಾರೂ ಎಣ್ಣು ಕೊಡ್ತಿರ್ನಿಲ್ಲ. ನಿನ್ ಫೋಟ ನೋಡಿ ನಾಗಮಂಗಲದೋರು ಒಪ್ಪವ್ರೆ. ಅವ್ನು ನನ್ನ ಎತ್ಕಂಡ್ ಬಂದಿದ್ದೇನ್ ಸುಳ್ಳಾ? ನಾನೇನ್ ನಡ್ಯಂಗಿದ್ನಾ?"

ತಿದ್ದುಪಡಿ ಬರೆಯಲು ಕೂತರೂ ಮೊದಲ ಸಾಲೇ ಮೂಡಲಿಲ್ಲ.

ನಾಗಮಂಗಲದ ಛತ್ರದಲ್ಲಿ ಮದುವೆಯಾಯಿತು. ನನ್ನನ್ನೂ ಕರೆದಿದ್ದರು. ಗಂಡಿನ ಕಡೆಯವರು ಮುಂದಿನ ಸಾಲಿನಲ್ಲಿ ಅಜ್ಜಿಯನ್ನು ಕೂರಿಸಿ, ಬಂದವರಿಗೆಲ್ಲ "ಇವ್ರನ್ನೇ ನಮ್ಮುಡುಗ ಉಳಿಸಿದ್ದು" ಎಂದು ತೋರಿಸುತ್ತಿದ್ದರು. ಅಜ್ಜಿ ಪ್ರತಿ ಸಲವೂ ಹೌದೆಂದು ತಲೆಯಾಡಿಸುತ್ತಿದ್ದರು.

ಊಟ ಮುಗಿಸಿ ಹೊರಟಾಗ ಮದುಮಗಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣ, ಅವತ್ತು ನೀವು ಅಲ್ಲೇ ಇದ್ರಂತೆ. ನಿಜ್ವಾಗ್ಲೂ ಏನಾಯ್ತು?"

"ನಾನು ಬರೋ ಹೊತ್ಗೆ ಎಲ್ಲಾ ಆಗೋಗಿತ್ತು ಕಣಮ್ಮ" ಎಂದೆ.